ಅಮ್ಮನ ಮೊಬೈಲಿಗೆ ಯಾವ ಪ್ಲಾನ್? ಜಿಬಿ ಆಮೇಲೆ, ಮೊದಲು ಬಳಕೆ ನೋಡಿ

ಮಂಗಳೂರಿನ ಹಂಪನಕಟ್ಟೆಯ ಯಾವುದಾದರೂ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ‘ಅಣ್ಣ, ಅಮ್ಮನ ನಂಬರಿಗೆ ಒಂದು ರೀಚಾರ್ಜ್’ ಅಂತ ಯಾರಾದರೂ ಬಂದೇ ಬರುತ್ತಾರೆ. ‘ಎಷ್ಟರದ್ದು?’ ಅಂದರೆ, ‘ಎಲ್ಲರೂ ಹಾಕುವುದು ಉಂಟಲ್ಲ, ಅದೇ ಹಾಕಿ’ ಅನ್ನುತ್ತಾರೆ. ವ್ಯಾಪಾರ ಮುಗಿಯಿತು. ಆ ಅಮ್ಮನ ಕೈಯಲ್ಲಿರುವುದು ಬಟನ್ ಫೋನ್. ಆದರೂ ದಿನಕ್ಕೆ ಒಂದೂವರೆ ಜಿಬಿ ಡೇಟಾದ ದುಡ್ಡು ವರ್ಷವಿಡೀ ಹೋಗುತ್ತಿರುತ್ತದೆ. 2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ದರ ಏರಿಸಿದ ಮೇಲೆ ಈ ‘ಅದೇ ಹಾಕಿ’ ಇನ್ನೂ ದುಬಾರಿಯಾಗಿದೆ.

ಪ್ಲಾನ್ ಆರಿಸುವುದು ದೊಡ್ಡ ವಿದ್ಯೆ ಅಲ್ಲ. ಕ್ರಮ ತಪ್ಪುವುದೇ ಸಮಸ್ಯೆ. ನಾವು ಮೊದಲು ಜಾಹೀರಾತು ನೋಡುತ್ತೇವೆ, ಆಮೇಲೆ ನಮ್ಮ ಬಳಕೆಯನ್ನು ಅದಕ್ಕೆ ಹೊಂದಿಸಲು ಹೋಗುತ್ತೇವೆ.

ಹಂತ 1: ಬಳಕೆ ಎಷ್ಟೆಂದು ನೋಡಿ

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಬಳಕೆ ಎಂಬುದನ್ನು ತೆರೆಯಿರಿ. ಅಲ್ಲಿ ಮೊಬೈಲ್ ಡೇಟಾ ಬೇರೆ, ವೈಫೈ ಬೇರೆ ತೋರಿಸುತ್ತದೆ. ನಮಗೆ ಬೇಕಾದದ್ದು ಮೊಬೈಲ್ ಡೇಟಾ ಮಾತ್ರ. ತಿಂಗಳ ಲೆಕ್ಕವನ್ನು 30ರಿಂದ ಭಾಗಿಸಿ. ಮನೆಗೆ ಫೈಬರ್ ಬಂದವರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ಧಾರಾವಾಹಿ, ಯೂಟ್ಯೂಬಿನ ಯಕ್ಷಗಾನ, ಮೊಮ್ಮಗನ ವಿಡಿಯೊ ಕಾಲ್ ಎಲ್ಲ ವೈಫೈಯಲ್ಲೇ ನಡೆದಿರುತ್ತದೆ. ಮೊಬೈಲ್ ಡೇಟಾ ಖರ್ಚಾಗುವುದು ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಮದುವೆ ಹಾಲಿನಲ್ಲಿ ಮಾತ್ರ.

ದಿನದ ಡೇಟಾ ಮಧ್ಯರಾತ್ರಿಗೆ ಮುಗಿಯುತ್ತದೆ. ಉಳಿದದ್ದು ಸಾಮಾನ್ಯವಾಗಿ ನಾಳೆಗೆ ಬರುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಜಾಸ್ತಿ ಬಳಸುವವರಿಗೆ ಇಡೀ ಅವಧಿಗೆ ಒಟ್ಟಾಗಿ ಇಷ್ಟು ಜಿಬಿ ಅಂತ ಕೊಡುವ ಪ್ಲಾನೇ ಒಳ್ಳೆಯದು.

ಹಂತ 2: ಮನೆಯೊಳಗೆ ಸಿಗ್ನಲ್ ನೋಡಿ

ಅಂಗಳದಲ್ಲಿ ಅಲ್ಲ, ಅಡುಗೆ ಮನೆಯಲ್ಲಿ ನಿಂತು ನೋಡಿ. ಮಂಗಳೂರು ಪೇಟೆಯಲ್ಲಿ, ಮಣಿಪಾಲದಲ್ಲಿ ಯಾವ ಸಿಮ್ಮಾದರೂ ನಡೆದೀತು. ಹೆಬ್ರಿ, ಕಾರ್ಕಳದ ಒಳಭಾಗ, ಘಟ್ಟದ ಬುಡದ ಊರುಗಳ ಕತೆ ಬೇರೆ. ತೋಟದ ಮನೆ ತಗ್ಗಿನಲ್ಲಿರುತ್ತದೆ, ಸಿಗ್ನಲ್ ಗುಡ್ಡೆ ಮೇಲಿರುತ್ತದೆ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಗುಡ್ಡೆ ಹತ್ತಿ ಆನ್‌ಲೈನ್ ಕ್ಲಾಸ್ ಕೇಳಿದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಪಕ್ಕದ ಮನೆಯವರ ಫೋನ್ ಒಂದು ನಿಮಿಷ ಕೇಳಿ ತಂದು ನಿಮ್ಮ ಮನೆಯೊಳಗಿಂದ ಕಾಲ್ ಮಾಡಿ ನೋಡಿ. ಕಂಪನಿಯ ನಕ್ಷೆಗಿಂತ ಅದೇ ನಂಬಿಕಸ್ಥ.

ಮನೆಯಲ್ಲಿ ವೈಫೈ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಟವರ್ ಸಿಗದಿದ್ದರೂ ಮಾಮೂಲಿ ನಂಬರಿನಿಂದಲೇ ಕಾಲ್ ಹೋಗುತ್ತದೆ, ಬರುತ್ತದೆ. ಏರ್‌ಟೆಲ್, ಜಿಯೋ ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ರೂಟರ್ ಆಫ್ ಆಗುತ್ತದೆ, ಅದರ ಜೊತೆ ಫೋನೂ ಸತ್ತ ಹಾಗೆ. ವಯಸ್ಸಾದವರು ಇಬ್ಬರೇ ಇರುವ ಮನೆಯಾದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ತಂದಿಡಿ. ಸಿಗ್ನಲ್ ಬೂಸ್ಟರ್ ಅಂತ ಆನ್‌ಲೈನಿನಲ್ಲಿ ಮಾರುವ ಡಬ್ಬಗಳನ್ನು ಮಾತ್ರ ಮುಟ್ಟಬೇಡಿ. ಅನುಮತಿ ಇಲ್ಲದೆ ಅವನ್ನು ಹಾಕುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ.

ಹಂತ 3: ದಿನದ ಲೆಕ್ಕ ಹಾಕಿ

ಜನ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೋಗೋಣ.

28 ದಿನ ಅಂದರೆ ಒಂದು ತಿಂಗಳು ಅಲ್ಲ. ವರ್ಷಕ್ಕೆ 12 ಸಲ ರೀಚಾರ್ಜ್ ಅಂದುಕೊಂಡಿರುತ್ತೀರಿ, ಆಗುವುದು 13 ಸಲ. 13 ಸಲ ಹಾಕಿದರೂ 364 ದಿನವೇ. ದಿನಕ್ಕೆ ಒಂದೂವರೆ ಜಿಬಿಯ 299 ರೂಪಾಯಿಯ ಪ್ಲಾನ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 3588 ಅಲ್ಲ, 3887 ರೂಪಾಯಿ. ಇದರ ಬಗ್ಗೆ ದೂರುಗಳು ಬಂದ ಮೇಲೆ 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಒಂದಾದರೂ ಇಡಬೇಕು, ಪ್ರತಿ ತಿಂಗಳು ಅದೇ ತಾರೀಕಿಗೆ ರೀಚಾರ್ಜ್ ಬರುವಂಥದ್ದು ಇನ್ನೊಂದು ಇಡಬೇಕು. ಸಂಬಳ, ಪೆನ್ಶನ್ ಬರುವ ದಿನಕ್ಕೆ ಹೊಂದಿಸಿಕೊಳ್ಳುವವರಿಗೆ ಈ ಎರಡನೆಯದು ಅನುಕೂಲ.

ಈಗ ಅಮ್ಮನ ಫೋನಿಗೆ ಬರೋಣ. 2024ರ ಡಿಸೆಂಬರಿನಲ್ಲಿ ಟ್ರಾಯ್ ಮತ್ತೊಂದು ನಿಯಮ ತಂದಿತು. ಡೇಟಾ ಬೇಡದವರಿಗೆ ಕಾಲ್ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ. ಇಂಥ ರೀಚಾರ್ಜಿನ ಅವಧಿ ಮೊದಲು 90 ದಿನ ಮೀರುವಂತಿರಲಿಲ್ಲ, ಅದನ್ನೂ 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಆ ಪ್ಲಾನುಗಳು ಬಂದವು. ಆಗಿನ ದರ ಹಿಡಿದು ಲೆಕ್ಕ ಮಾಡಿ ತೋರಿಸುತ್ತೇನೆ. ನೀವು ಹಾಕುವ ದಿನದ ದರ ಆ್ಯಪ್‌ನಲ್ಲಿ ನೋಡಿಕೊಳ್ಳಿ, ಲೆಕ್ಕದ ದಾರಿ ಇದೇ.

ಏರ್‌ಟೆಲ್‌ನದ್ದು 1849 ರೂಪಾಯಿ. ಜಿಯೋದ್ದು 1748. ನೋಡಿದ ಕೂಡಲೇ ಜಿಯೋ ಅಗ್ಗ ಅನ್ನಿಸುತ್ತದೆ, ಅಲ್ವಾ? ಕೆಳಗೆ ಸಣ್ಣ ಅಕ್ಷರ ಓದಿ. ಏರ್‌ಟೆಲ್‌ನ ಅವಧಿ 365 ದಿನ, ಜಿಯೋದ್ದು 336 ದಿನ. ದಿನಕ್ಕೆ ಭಾಗಿಸಿದರೆ ಏರ್‌ಟೆಲ್ 5 ರೂಪಾಯಿ 7 ಪೈಸೆ, ಜಿಯೋ 5 ರೂಪಾಯಿ 20 ಪೈಸೆ. ನೂರು ರೂಪಾಯಿ ಕಡಿಮೆ ಕಂಡದ್ದು ದಿನದ ಲೆಕ್ಕದಲ್ಲಿ ಜಾಸ್ತಿಯಾಯಿತು. 84 ದಿನದ್ದೂ ಇತ್ತು: ಜಿಯೋ 448 ರೂಪಾಯಿ, ಏರ್‌ಟೆಲ್ 469. ದಿನಕ್ಕೆ 5.33 ಮತ್ತು 5.58. ಇಲ್ಲಿ ಜಿಯೋ ಅಗ್ಗ. ಯಾವ ಕಂಪನಿ ಅಗ್ಗ ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ. ಯಾವ ಅವಧಿಗೆ ಯಾವುದು ಅಗ್ಗ ಅಂತ ಕೇಳಬೇಕು.

ದಿನಕ್ಕೆ ಒಂದೂವರೆ ಜಿಬಿಯ ಆ 3887ನ್ನು ಈ 1849ರ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ 2038 ರೂಪಾಯಿ. ಬಟನ್ ಫೋನ್ ಇರುವವರಿಗೆ, ಮನೆ ವೈಫೈ ಬಿಟ್ಟು ಹೊರಗೆ ಇಂಟರ್ನೆಟ್ ಬಳಸದವರಿಗೆ ವರ್ಷದ ಕಾಲ್ ಪ್ಲಾನ್ ಹಾಕಿ ಅಂತ ನಾನು ಕಣ್ಣುಮುಚ್ಚಿ ಹೇಳುತ್ತೇನೆ. ಗಲ್ಫಿನಲ್ಲಿರುವವರು ಬ್ಯಾಂಕಿನ ಒಟಿಪಿಗಾಗಿ ಊರಿನ ನಂಬರ್ ಉಳಿಸಿಕೊಳ್ಳಲಿಕ್ಕೂ ಇದೇ ಸಾಕು. ಒಂದೇ ಎಚ್ಚರ: ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಡಿ.

ಈ ಪ್ಲಾನ್ ಆ್ಯಪ್ ತೆರೆದ ಕೂಡಲೇ ಕಾಣುವುದಿಲ್ಲ. ಮೇಲಿರುವುದೆಲ್ಲ ಓಟಿಟಿ, ಕ್ಲೌಡ್, ಕ್ಯಾಶ್‌ಬ್ಯಾಕ್. ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ತಳ್ಳುತ್ತಾ ಹೋಗಬೇಕು. ಅಥವಾ ಬೆಲೆಯನ್ನೇ ಟೈಪ್ ಮಾಡಿ ಹುಡುಕಿ. ಅಂಗಡಿಯಲ್ಲಾದರೆ ‘ಡೇಟಾ ಇಲ್ಲದ್ದು, ಕಾಲ್ ಮಾತ್ರ ಇರುವುದು’ ಅಂತಲೇ ಕೇಳಿ. ‘ಅದು ಈಗ ಇಲ್ಲ ಮಾರಾಯ್ರೇ’ ಅಂದರೆ ನಂಬಬೇಡಿ. ಇನ್ನು ಹಣ ಕಟ್ಟುವ ಕೆಲವು ಆ್ಯಪ್‌ಗಳು ರೀಚಾರ್ಜಿಗೆ ಒಂದೆರಡು ರೂಪಾಯಿ ಶುಲ್ಕ ಸೇರಿಸುತ್ತವೆ. ಕಂಪನಿಯ ಸ್ವಂತ ಆ್ಯಪ್‌ನಿಂದ ಮಾಡಿದರೆ ಅದು ಉಳಿಯುತ್ತದೆ.

ಹಂತ 4: ಕಾಲ್ ಮಾಡುವುದೋ, ಮೆಸೇಜ್ ಹಾಕುವುದೋ

ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. 2003ರ ಮೇ ತನಕ ಬಂದ ಕಾಲಿಗೂ ದುಡ್ಡು ಕೊಡಬೇಕಿತ್ತು. ಆಮೇಲೂ ಬಹಳ ವರ್ಷ ನಿಮಿಷದ ಲೆಕ್ಕ. ಆಗ ಮಿಸ್ಡ್ ಕಾಲ್ ಒಂದು ಭಾಷೆಯೇ ಆಗಿತ್ತು. ಒಂದು ಸಲ ಹೊಡೆದರೆ ಬಸ್ಸು ಹತ್ತಿದೆ, ಎರಡು ಸಲ ಹೊಡೆದರೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ತಲುಪಿದೆ. ಈಗ ಎಲ್ಲ ಉಲ್ಟಾ. ಮಾಮೂಲಿ ಪ್ಲಾನುಗಳಲ್ಲಿ ಕಾಲ್ ಎಷ್ಟು ಮಾಡಿದರೂ ದುಡ್ಡಿಲ್ಲ, ಎಣಿಸಿ ಕೊಡುವುದು ಎಸ್ಎಂಎಸ್ಸನ್ನು. ಆದರೂ ದೊಡ್ಡಮ್ಮ ಇವತ್ತಿಗೂ ಮಿಸ್ಡ್ ಕಾಲ್ ಕೊಟ್ಟು ಕಾಯುತ್ತಾರೆ. ಅವರಿಗೆ ಒಮ್ಮೆ ಹೇಳಿಬಿಡಿ.

ಎಸ್ಎಂಎಸ್ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಗೊತ್ತಿರಬೇಕಾದ ಒಂದು ಸಂಗತಿ ಉಂಟು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಎಂಎಸ್ಸಿಗೆ 160 ಅಕ್ಷರ. ಕನ್ನಡದಲ್ಲಿ 70 ಮಾತ್ರ. ಎಣಿಕೆಯೂ ನಾವು ಎಣಿಸುವ ಹಾಗಲ್ಲ. ‘ಸ್ಸು’ ನಮ್ಮ ಕಣ್ಣಿಗೆ ಒಂದು ಅಕ್ಷರ, ಫೋನಿಗೆ ನಾಲ್ಕು: ಎರಡು ಸ, ಒಂದು ಅರ್ಧಾಕ್ಷರದ ಗುರುತು, ಒಂದು ಉಕಾರ. ಈ ಸಂದೇಶ ನೋಡಿ: ‘ಅಮ್ಮ, ಬಸ್ಸು ಸಿಕ್ಕಿತು. ಉಡುಪಿಗೆ ಬರುವಾಗ ಎಂಟೂವರೆ ಆಗಬಹುದು. ಊಟಕ್ಕೆ ಕಾಯಬೇಡಿ.’ ಚುಕ್ಕೆ, ಖಾಲಿ ಜಾಗ ಎಲ್ಲ ಸೇರಿ 69. ಒಂದು ಎಸ್ಎಂಎಸ್ಸಿನಲ್ಲಿ ಹೇಗೋ ಹಿಡಿಯಿತು. ಕೊನೆಗೆ ಪ್ರೀತಿಯಿಂದ ‘ಆಯ್ತಾ?’ ಅಂತ ಸೇರಿಸಿದರೆ ಎರಡಾಯಿತು. ಇಂಗ್ಲಿಷ್ ಮೆಸೇಜಿನಲ್ಲಿ ಒಂದು ಎಮೋಜಿ ಹಾಕಿದರೂ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ.

ದಿನಕ್ಕೆ 100 ಎಸ್ಎಂಎಸ್ ಇರುವ ಪ್ಲಾನಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಮೇಲೆ ಹೇಳಿದ ವರ್ಷದ ಕಾಲ್ ಪ್ಲಾನಿನಲ್ಲಿ ಒಟ್ಟು 3600, ಅಂದರೆ ದಿನಕ್ಕೆ ಹತ್ತರ ಹತ್ತಿರ. ದೀಪಾವಳಿಗೆ ಇಡೀ ಊರಿಗೆ ಉದ್ದುದ್ದ ಶುಭಾಶಯ ಕಳಿಸುವ ಮಾವನವರಿಗೆ ಇದನ್ನು ಮೊದಲೇ ತಿಳಿಸಿ.

ಎಸ್ಎಂಎಸ್ ಬೇಡವೇ ಬೇಡ ಅನ್ನುವ ಹಾಗೂ ಇಲ್ಲ. ಹೊಸ ಫೋನಿಗೆ ಯುಪಿಐ ಆ್ಯಪ್ ಹಾಕುವಾಗ ಅದು ನಿಮ್ಮ ನಂಬರಿನಿಂದ ತಾನಾಗಿಯೇ ಒಂದು ಎಸ್ಎಂಎಸ್ ಕಳಿಸಿ ಗುರುತು ಹಿಡಿಯುತ್ತದೆ. ಪ್ಲಾನಿನಲ್ಲಿ ಎಸ್ಎಂಎಸ್ ಇಲ್ಲ, ಬ್ಯಾಲೆನ್ಸೂ ಇಲ್ಲ ಅಂದರೆ ಅಲ್ಲಿಗೇ ನಿಲ್ಲುತ್ತದೆ. ‘ಆ್ಯಪ್ ಸರಿ ಇಲ್ಲ’ ಅಂತ ನಾಲ್ಕು ಸಲ ಅಳಿಸಿ ಮತ್ತೆ ಹಾಕುವವರನ್ನು ನೋಡಿದ್ದೇನೆ.

ದುಬೈಯಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಯುಎಇಯಲ್ಲಿ ವಾಟ್ಸ್ಆ್ಯಪ್ ಮೆಸೇಜ್ ನಡೆಯುತ್ತದೆ, ವಾಯ್ಸ್ ನೋಟ್ ನಡೆಯುತ್ತದೆ, ಕಾಲ್‌ಗೆ ಅಲ್ಲಿ ತಡೆ ಇದೆ. ಅದಕ್ಕೇ ಅಲ್ಲಿನವರು ಬೋಟಿಮ್ ಎಂಬ ಕಾಲಿಂಗ್ ಆ್ಯಪ್ ಬಳಸುವುದು. ನೇರ ನಂಬರಿಗೆ ಹೊಡೆದರೆ ಐಎಸ್‌ಡಿ ದರ ಬೀಳುತ್ತದೆ, ನಿಮ್ಮ ‘ಅನ್‌ಲಿಮಿಟೆಡ್’ ಭಾರತದೊಳಗೆ ಮಾತ್ರ. ವಾಯ್ಸ್ ನೋಟ್ ಕಳಿಸಲು ಅಮ್ಮನಿಗೆ ಕಲಿಸಿಕೊಡಿ. ಟೈಪ್ ಮಾಡುವ ಕಷ್ಟ ಇಲ್ಲ, ಮಗ ಡ್ಯೂಟಿ ಮುಗಿಸಿ ಕೇಳುತ್ತಾನೆ.

ಹಂತ 5: ಕಂಪನಿ ಬದಲಿಸುವುದಾದರೆ

ಇದು ಸುಲಭ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಮಾಡಿ. ಎಂಟು ಅಕ್ಷರದ ಕೋಡ್ ಬರುತ್ತದೆ, ನಾಲ್ಕು ದಿನ ಚಾಲ್ತಿ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರಾಯಿತು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ಕಟ್ಟಿರಬೇಕು. ಹಳೆಯ ಪ್ಲಾನಿನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಯಾವುದೂ ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ಅವಧಿ ಮುಗಿಯುವ ವಾರದಲ್ಲೇ ಅರ್ಜಿ ಹಾಕಿ. ಕೋಡ್ ಬಂದದ್ದು ಗೊತ್ತಾದ ಕೂಡಲೇ ಹಳೆಯ ಕಂಪನಿಯವರು ಫೋನ್ ಮಾಡಿ ಆಫರ್ ಕೊಡುವುದುಂಟು. ಅದನ್ನೂ ದಿನಕ್ಕೆ ಭಾಗಿಸಿ ನೋಡಿ, ಆಮೇಲೆ ಹೂಂ ಅನ್ನಿ.

ಸಿಮ್ ಬದಲಾಗುವ ದಿನ ಸಾಲದ ಕಂತು, ಕರೆಂಟ್ ಬಿಲ್ ಇಟ್ಟುಕೊಳ್ಳಬೇಡಿ. ಕೆಲವು ಗಂಟೆ ಫೋನ್ ಸತ್ತಿರುತ್ತದೆ. ಹಾಳಾದ ಅಥವಾ ಕಳೆದುಹೋದ ಸಿಮ್ ಬದಲು ಹೊಸದು ಪಡೆದರೆ, ಮೋಸ ತಡೆಯಲೆಂದು 24 ಗಂಟೆ ಎಸ್ಎಂಎಸ್ ನಿಲ್ಲಿಸಿರುತ್ತಾರೆ. ಒಟಿಪಿ ಬರುವುದಿಲ್ಲ. ಕಟ್ಟಬೇಕಾದದ್ದನ್ನು ಹಿಂದಿನ ದಿನವೇ ಕಟ್ಟಿಬಿಡಿ.