ಹಳೆಯ ಆ್ಯಪಿಗೆ ಹೊಸ ವಿನ್ಯಾಸ: ಬಳಸುವವರನ್ನು ಮುಂದಿಟ್ಟುಕೊಂಡು ಪ್ರಸ್ತಾವ ಸಿದ್ಧಪಡಿಸುವುದು ಹೇಗೆ

ಇಪ್ಪತ್ತು ಹೊಸ ಸ್ಕ್ರೀನ್ ಮಾಡಿಕೊಂಡು ಹೋಗಿ ‘ಹೇಗಿದೆ ನೋಡಿ’ ಎಂದರೆ ಎದುರು ಕೂತವರು ಬಣ್ಣದ ಬಗ್ಗೆ ಮಾತಾಡುತ್ತಾರೆ. ನೀಲಿ ಬೇಡ, ಹಸಿರು ಹಾಕಿ, ಲೋಗೊ ಸ್ವಲ್ಪ ದೊಡ್ಡದಿರಲಿ. ಸಭೆ ಅಲ್ಲಿಗೆ ಮುಗಿಯುತ್ತದೆ. ಹಾಗಾಗಬಾರದು ಎಂದಿದ್ದರೆ ಸ್ಕ್ರೀನಿಗಿಂತ ಮೊದಲು ಒಂದು ಲೆಕ್ಕ ಮುಂದಿಡಬೇಕು: ಈಗಿನ ಆ್ಯಪಿನಲ್ಲಿ ಯಾರು, ಯಾವ ಕೆಲಸದ ನಡುವೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ? ಆ ಲೆಕ್ಕ ಹಿಡಿಯುವ ಕ್ರಮ ಇಲ್ಲಿದೆ. ಉದಾಹರಣೆಗೆ ಬೆಂಗಳೂರಿನ ಸಿಟಿ ಬಸ್ಸಿನ ಆ್ಯಪ್ ಒಂದನ್ನು ಇಟ್ಟುಕೊಳ್ಳೋಣ. ಬಸ್ ಎಲ್ಲಿದೆ ಎಂದು ತೋರಿಸುವುದು, ಟಿಕೆಟ್ ಮತ್ತು ಪಾಸ್ ಕೊಡುವುದು ಅದರ ಕೆಲಸ. ಬ್ಯಾಂಕಿನ ಆ್ಯಪಾದರೂ ಕರೆಂಟ್ ಬಿಲ್ಲಿನದಾದರೂ ಕ್ರಮ ಇದೇ. ಇಬ್ಬರ ತಂಡಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ.

ಒಂದೇ ಕೆಲಸ ಹಿಡಿಯಿರಿ

ಇಡೀ ಆ್ಯಪನ್ನು ಬದಲಿಸುತ್ತೇವೆ ಎಂದು ಹೊರಟ ಪ್ರಸ್ತಾವಕ್ಕೆ ಒಪ್ಪಿಗೆ ಸಿಗುವುದು ಅಪರೂಪ. ಖರ್ಚು ಅಂದಾಜಿಗೆ ಸಿಗುವುದಿಲ್ಲ, ಜವಾಬ್ದಾರಿ ಯಾರದೆಂದು ತಿಳಿಯುವುದಿಲ್ಲ. ‘ನಿಲ್ದಾಣದಲ್ಲಿ ನಿಂತವರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿಯಬೇಕು’ ಎಂಬಂಥ ಒಂದು ಕೆಲಸ, ಹೆಚ್ಚೆಂದರೆ ಎರಡು, ಆರಿಸಿಕೊಳ್ಳಿ.

ಯಾವ ಕೆಲಸ ಎಂಬುದು ಬಳಸುವವರು ಯಾರು ಎಂಬುದರ ಮೇಲಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಅವರಿಗೆಲ್ಲ ‘ಟಿಕೆಟ್ ಕೊಳ್ಳಿ’ ಬಟನ್ನಿನಿಂದ ಏನೂ ಆಗಬೇಕಿಲ್ಲ, ಬಸ್ ಬರುವ ಹೊತ್ತು ಗೊತ್ತಾದರೆ ಸಾಕು. ಆ್ಯಪಿನ ಮೊದಲ ಸ್ಕ್ರೀನ್ ಅರ್ಧಕ್ಕರ್ಧ ಟಿಕೆಟ್ಟಿಗೇ ಮೀಸಲಾಗಿದ್ದರೆ ಪ್ರಸ್ತಾವದ ಮೊದಲ ವಾದ ಅಲ್ಲೇ ಸಿಕ್ಕಿತು. ಇಂಥದ್ದು ಕಂಪ್ಯೂಟರ್ ಮುಂದೆ ಕೂತು ಹೊಳೆಯುವುದು ಕಡಿಮೆ.

ಈಗಾಗಲೇ ಇರುವ ಸಾಕ್ಷ್ಯ

ಮೊದಲ ವಾರ ಹೊಸದಾಗಿ ಏನನ್ನೂ ಕೇಳಬೇಡಿ, ಇರುವುದನ್ನು ಓದಿ. ಪ್ಲೇ ಸ್ಟೋರಿನಲ್ಲಿ ಒಂದರಿಂದ ಮೂರು ಸ್ಟಾರ್ ಕೊಟ್ಟವರ ಇತ್ತೀಚಿನ 200 ವಿಮರ್ಶೆಗಳನ್ನು ಶೀಟಿಗೆ ಹಾಕಿ: ತಾರೀಖು, ಆ್ಯಪಿನ ಆವೃತ್ತಿ, ಯಾವ ಕೆಲಸ, ಏನು ತೊಂದರೆ, ತೊಂದರೆಯ ಮೂಲ. ಕೊನೆಯ ಕಾಲಂ ಬಹಳ ಮುಖ್ಯ. ಮೂಲ ಮೂರು ಬಗೆಯದು: ಮಾಹಿತಿಯದು, ತಂತ್ರಾಂಶದ್ದು, ಸ್ಕ್ರೀನಿನದು. ‘ಆ್ಯಪಲ್ಲಿ ಎರಡು ನಿಮಿಷ ಅಂತಿದೆ, ಬಸ್ಸೇ ಬರಲ್ಲ’ ಎಂಬ ದೂರಿಗೆ ಮೂಲ ಬಸ್ಸಿನ ಜಿಪಿಎಸ್. ಅದನ್ನು ಸ್ಕ್ರೀನ್ ಬದಲಿಸಿ ಸರಿಪಡಿಸುತ್ತೇವೆ ಎಂದು ಮಾತು ಕೊಟ್ಟರೆ ಆರು ತಿಂಗಳ ನಂತರ ಅದೇ ದೂರು ನಿಮ್ಮ ಹೆಸರಿನಲ್ಲಿ ಬರುತ್ತದೆ. ವಿನ್ಯಾಸಕ್ಕೆ ಸಾಧ್ಯವಿರುವುದು ಇಷ್ಟೇ: ‘4 ನಿಮಿಷದ ಹಿಂದಿನ ಮಾಹಿತಿ’ ಎಂದು ನಿಜ ಹೇಳುವುದು.

ಪ್ಲೇ ಸ್ಟೋರಿಗೆ ಆ್ಯಪ್ ಹಾಕುವವರಿಗೆ ಗೂಗಲ್ ಕೊಡುವ ಪ್ಲೇ ಕನ್ಸೋಲ್ ನೋಡಲು ಅನುಮತಿ ಇದ್ದರೆ, ಅದರಲ್ಲಿ ಆ್ಯಪಿನ ಆರೋಗ್ಯ ತೋರಿಸುವ ‘ಆ್ಯಂಡ್ರಾಯ್ಡ್ ವೈಟಲ್ಸ್’ ತೆರೆಯಿರಿ. ಬಳಕೆದಾರರ ಕಣ್ಣಿಗೆ ಬೀಳುವ ಕ್ರ್ಯಾಷ್ (ಆ್ಯಪ್ ತಟ್ಟನೆ ಮುಚ್ಚಿಹೋಗುವುದು) ಪ್ರಮಾಣ ದಿನದ ಬಳಕೆದಾರರಲ್ಲಿ 1.09%, ಆ್ಯಪ್ ಹೆಪ್ಪುಗಟ್ಟಿ ನಿಲ್ಲುವ ಪ್ರಮಾಣ 0.47% ದಾಟಿದ್ದರೆ ಗೂಗಲ್ ಅದನ್ನು ಕೆಟ್ಟ ನಡವಳಿಕೆ ಎಂದೇ ಎಣಿಸುತ್ತದೆ, ಸ್ಟೋರಿನಲ್ಲಿ ಆ್ಯಪ್ ಹಿಂದೆ ಬೀಳಬಹುದು. ಅಂಥ ಸ್ಥಿತಿಯಲ್ಲಿ ಮರುವಿನ್ಯಾಸದ ಮಾತು ಬೇಡ. ಮೊದಲು ಅದು ಸರಿಯಾಗಲಿ. ಸಹಾಯವಾಣಿಯವರ ಜೊತೆ ಅರ್ಧ ಗಂಟೆ ಕೂತರೂ ಸಾಕಷ್ಟು ತಿಳಿಯುತ್ತದೆ. ದಿನಾ ಒಂದೇ ಉತ್ತರ ಕೊಟ್ಟು ಬೇಸತ್ತ ಪ್ರಶ್ನೆ ಯಾವುದು ಎಂದು ಕೇಳಿ ನೋಡಿ.

ನಿಲ್ದಾಣಕ್ಕೆ ಹೋಗಿ

ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ಐದೂವರೆಯಿಂದ ಏಳು. ಎರಡು ಬೇರೆ ಬೇರೆ ಬಗೆಯ ಜಾಗ: ಮೆಜೆಸ್ಟಿಕ್ಕಿನಂಥ ದೊಡ್ಡ ನಿಲ್ದಾಣ ಒಂದು, ರಸ್ತೆ ಬದಿಯ ತಂಗುದಾಣ ಒಂದು. ಆರರಿಂದ ಎಂಟು ಮಂದಿಯ ಜೊತೆ ಹತ್ತು ಹದಿನೈದು ನಿಮಿಷ ಮಾತಾಡಿದರೆ ಆಯಿತು. ಕಾಲೇಜು ಹುಡುಗರು ಸುಲಭವಾಗಿ ಸಿಗುತ್ತಾರೆ ಎಂದು ಅವರನ್ನೇ ಹಿಡಿಯಬೇಡಿ. ಗಾರ್ಮೆಂಟ್ಸಿಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಪಾಸ್ ಇರುವ ಹಿರಿಯರು, ಊರಿಗೆ ಹೊಸಬರು ಇರಲಿ.

‘ಆ್ಯಪ್ ಹೇಗಿದ್ದರೆ ಚೆನ್ನ?’ ಎಂದು ಕೇಳಿದರೆ ಎಲ್ಲರೂ ಏನಾದರೊಂದು ಹೇಳುತ್ತಾರೆ, ಅದರಿಂದ ಉಪಯೋಗವಿಲ್ಲ. ನಡೆದುಹೋದದ್ದನ್ನು ಕೇಳಿ: ‘ಕೊನೇ ಸಲ ಆ್ಯಪ್ ತೆಗೆದದ್ದು ಯಾವಾಗ? ಎಲ್ಲಿಗೆ ಹೊರಟಿದ್ರಿ? ಆಮೇಲೆ ಏನ್ ಮಾಡಿದ್ರಿ?’ ತೆಗೆಯದೇ ಪಕ್ಕದವರನ್ನು ಕೇಳಿದೆ ಎಂದರೆ ಅದೂ ಉತ್ತರವೇ. ಒಂದು ಕೈಯಲ್ಲಿ ಚೀಲ, ಸ್ಕ್ರೀನಿನ ಮೇಲೆ ಬಿಸಿಲು, ಡೇಟಾ ಆಫ್, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುವುದು, ಇವನ್ನೆಲ್ಲ ಬರೆದುಕೊಳ್ಳಿ.

ಹೀಗೆ ನೋಡುತ್ತಿದ್ದರೆ ಸಿಗುವುದು ಎಂಥ ಸಂಗತಿ ಎಂಬುದಕ್ಕೆ ನಿಲ್ದಾಣದ ಹುಡುಕಾಟವನ್ನೇ ತೆಗೆದುಕೊಳ್ಳಿ. ದಾಖಲೆಯಲ್ಲಿ ‘ಕೆಂಪೇಗೌಡ ಬಸ್ ನಿಲ್ದಾಣ’, ಜನ ಟೈಪ್ ಮಾಡುವುದು ‘ಮೆಜೆಸ್ಟಿಕ್’. ‘ಕೃಷ್ಣರಾಜೇಂದ್ರ ಮಾರುಕಟ್ಟೆ’ ಎಲ್ಲರ ಬಾಯಲ್ಲೂ ‘ಮಾರ್ಕೆಟ್’. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕಲಾಸಿಪಾಳ್ಯಕ್ಕೆ ಕೊನೆಯಲ್ಲಿ ಒಬ್ಬರು ಎಮ್ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಅಕ್ಷರ ಅಕ್ಷರ ಹೊಂದಿಸಿ ನೋಡುವ ಹುಡುಕಾಟ ‘ಫಲಿತಾಂಶ ಇಲ್ಲ’ ಎಂದು ಕೈ ಚೆಲ್ಲುತ್ತದೆ. ಇನ್ನೊಂದು: ರಸ್ತೆಯ ಎರಡೂ ಬದಿಯ ನಿಲ್ದಾಣಕ್ಕೆ ಒಂದೇ ಹೆಸರು. ಪಟ್ಟಿಯಲ್ಲಿ ಅದೇ ಹೆಸರು ಎರಡು ಸಲ ಕಂಡರೆ ಯಾವುದನ್ನು ಒತ್ತಬೇಕು? ಹೆಸರಿನ ಕೆಳಗೆ ‘ಹೆಬ್ಬಾಳದ ಕಡೆಗೆ’, ‘ಸಿಲ್ಕ್ ಬೋರ್ಡ್ ಕಡೆಗೆ’ ಎಂದು ಒಂದು ಸಾಲು ಬಂದರೆ ಗೊಂದಲ ಹೋಯಿತು. ಅಡ್ಡಹೆಸರುಗಳ ಒಂದು ಪಟ್ಟಿ, ದಿಕ್ಕಿನ ಒಂದು ಸಾಲು. ಹೊಸ ಹೋಮ್ ಸ್ಕ್ರೀನಿಗಿಂತ ಇದರಿಂದ ಹೆಚ್ಚು ಉಪಕಾರ.

ಹಳೆಯ ಆ್ಯಪಿಗೆ ಮೊದಲು ಪರೀಕ್ಷೆ

ಈ ಹಂತವನ್ನು ಹಾರಿಸುವವರೇ ಹೆಚ್ಚು, ಆಮೇಲೆ ‘ಹೊಸದು ಉತ್ತಮ ಎಂಬುದಕ್ಕೆ ಏನು ಆಧಾರ?’ ಎಂದರೆ ಉತ್ತರವಿರುವುದಿಲ್ಲ. ಐದು ಮಂದಿ, ತಲಾ 30 ನಿಮಿಷ, ನಾಲ್ಕು ಕೆಲಸ. ಐದು ಏಕೆ ಎಂದರೆ, ಒಂದು ತೊಂದರೆ ಒಬ್ಬರ ಕೈಗೆ ಸಿಗುವ ಸಂಭವ 31% ಎಂದು ಹಿಡಿದರೆ ಐದು ಜನ ಸೇರಿ ಸುಮಾರು 85% ತೊಂದರೆಗಳನ್ನು ಹೊರಗೆ ತರುತ್ತಾರೆ; ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಅವರ ಪ್ರಸಿದ್ಧ ಲೆಕ್ಕ ಇದು. ಬಳಸುವವರಲ್ಲಿ ತೀರ ಭಿನ್ನವಾದ ಎರಡು ಗುಂಪುಗಳಿದ್ದರೆ ಪ್ರತಿ ಗುಂಪಿನಿಂದಲೂ ಮೂರು ನಾಲ್ಕು ಜನ ಬೇಕು.

ಕೆಲಸ ಹೇಳುವಾಗ ಆ್ಯಪಿನ ಬಟನ್ ಮೇಲಿರುವ ಪದ ಬಾಯಿಂದ ಬರಬಾರದು. ‘ಟ್ರ್ಯಾಕ್ ಬಸ್ ಒತ್ತಿ 500-ಡಿ ನಂಬರ್ ಬಸ್ ಹುಡುಕಿ’ ಎಂದರೆ ದಾರಿ ನೀವೇ ತೋರಿಸಿದ ಹಾಗೆ. ‘ನೀವು ಸಿಲ್ಕ್ ಬೋರ್ಡ್‌ನಲ್ಲಿದ್ದೀರಿ, ಹೆಬ್ಬಾಳಕ್ಕೆ ಹೋಗಬೇಕು, ಮುಂದಿನ ಬಸ್ ಎಷ್ಟು ಹೊತ್ತಿಗೆ ನೋಡಿ’ ಎನ್ನಿ. ಫೋನ್ ಅವರದೇ ಇರಲಿ. ಆಫೀಸಿನ ದುಬಾರಿ ಫೋನು, ವೈಫೈ, ಎಸಿ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ.

ಪ್ರತಿ ಕೆಲಸಕ್ಕೆ ಮೂರೇ ಅಂಶ ಬರೆಯಿರಿ: ಸಹಾಯವಿಲ್ಲದೆ ಮುಗಿಯಿತೇ, ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಸಲ ತಪ್ಪು ಜಾಗ ಒತ್ತಿದರು. ಅವರು ತಡವರಿಸುವಾಗ ಸುಮ್ಮನಿರುವುದೇ ಕಷ್ಟದ ಕೆಲಸ. ‘ಮೇಲ್ಗಡೆ ನೋಡಿ’ ಎಂದಿರೋ ಆ ಲೆಕ್ಕ ಕೆಟ್ಟಿತು. ‘ಇದು ನಿಮ್ಮ ಪರೀಕ್ಷೆ ಅಲ್ಲ, ಆ್ಯಪಿನದು’ ಎಂದು ಶುರುವಿನಲ್ಲೇ ಹೇಳಿ, ಇಲ್ಲವಾದರೆ ಹಿರಿಯರು ‘ನಮಗೆ ಇದೆಲ್ಲ ಬರಲ್ಲ ಬಿಡಪ್ಪ’ ಎಂದು ಫೋನ್ ಕೆಳಗಿಡುತ್ತಾರೆ.

ಸ್ಕ್ರೀನ್ ರೆಕಾರ್ಡ್ ಮಾಡುವ ಮುನ್ನ ಬಾಯಿಮಾತಿನ ಜೊತೆ ಸಹಿಯ ಒಪ್ಪಿಗೆಯೂ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆಯ ಜೊತೆಗೆ ಉದ್ದೇಶವನ್ನೂ ತಿಳಿಸಬೇಕು. ಒಟಿಪಿ, ಫೋನ್ ನಂಬರ್, ಬ್ಯಾಲೆನ್ಸ್ ಕಾಣುವ ತುಣುಕನ್ನು ಮಸುಕು ಮಾಡದೆ ಯಾರಿಗೂ ತೋರಿಸಬೇಡಿ.

ಕೊನೆಗೆ, ಬಳಸಲು ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿ ಕೊಡುವ ರೂಢಿಯಿದೆ: 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೆ 1ರಿಂದ 5 ಅಂಕ. ಬೆಸ ಸಂಖ್ಯೆಯ ಪ್ರಶ್ನೆಗಳಲ್ಲಿ ಅಂಕದಿಂದ 1 ಕಳೆಯಿರಿ, ಸಮ ಸಂಖ್ಯೆಯವುಗಳಲ್ಲಿ 5ರಿಂದ ಅಂಕವನ್ನು ಕಳೆಯಿರಿ, ಕೂಡಿಸಿ 2.5ರಿಂದ ಗುಣಿಸಿ. ಸರಾಸರಿ 68 ಎಂಬುದು ರೂಢಿಯ ಅಳತೆ, ಅದು ಶೇಕಡಾವಾರು ಅಲ್ಲ. ಐದು ಜನರ ಅಂಕ ಬರೀ ಸೂಚನೆ ಮಾತ್ರ, ಅದರ ಮೇಲೆ ಭಾರ ಹಾಕಬೇಡಿ.

ಹೊಸ ವಿನ್ಯಾಸ, ಕನ್ನಡದ ಕಣ್ಣಿನಿಂದ

ಸಿಕ್ಕ ತೊಂದರೆಗಳಿಗೆ 0ರಿಂದ 4ರ ತೀವ್ರತೆ ಹಾಕಿ (4 ಎಂದರೆ ಕೆಲಸವೇ ಮುಗಿಯುವುದಿಲ್ಲ), 3 ಮತ್ತು 4 ಬಂದವಕ್ಕೆ ಮಾತ್ರ ಪರಿಹಾರ ಹುಡುಕಿ. ಮೊದಲು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮೂರು ಬೇರೆ ಬೇರೆ ದಾರಿ, ಆಮೇಲೆ ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ, ಒತ್ತಿದರೆ ಮುಂದಕ್ಕೆ ಹೋಗುವ ಮಾದರಿ.

ಮಾದರಿಯನ್ನು ಇಂಗ್ಲಿಷಿನಲ್ಲಿ ಮಾಡಿ ‘ಕನ್ನಡ ಆಮೇಲೆ ಹಾಕೋಣ’ ಎಂದರೆ ಆಮೇಲೆ ಅದಕ್ಕೆ ಜಾಗ ಸಾಲುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎತ್ತರವನ್ನು ಬಿಗಿಯಾಗಿ ಕಟ್ಟಿದ ಬಟನ್ನಿನಲ್ಲಿ ‘ಕೃಷ್ಣರಾಜೇಂದ್ರ ಮಾರುಕಟ್ಟೆ’ ಬರೆದು ನೋಡಿ: ಷ್ಣ, ದ್ರ, ಟ್ಟೆಗಳ ಒತ್ತು ಅರ್ಧ ಕತ್ತರಿಸಿಹೋಗಿರುತ್ತದೆ, ಹೆಸರು ಉದ್ದವಾಗಿ ಕೊನೆಯ ಅಕ್ಷರಗಳ ಬದಲು ಚುಕ್ಕೆಗಳೂ ಬಂದಿರುತ್ತವೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಬಟನ್ನಿನ ಎತ್ತರ ಪಠ್ಯಕ್ಕೆ ತಕ್ಕಂತೆ ಬೆಳೆಯಲಿ. ಒತ್ತುವ ಜಾಗ ಆ್ಯಂಡ್ರಾಯ್ಡಿನಲ್ಲಿ 48 ಡಿಪಿಗಿಂತ, ಐಫೋನಿನಲ್ಲಿ 44 ಪಾಯಿಂಟಿಗಿಂತ ಕಡಿಮೆ ಬೇಡ (ಡಿಪಿ, ಪಾಯಿಂಟ್ ಎರಡೂ ಸ್ಕ್ರೀನಿನ ಮೇಲಿನ ಅಳತೆಯ ಘಟಕಗಳು). ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ (ಎರಡರ ಹೊಳಪಿನ ಅನುಪಾತ) ಕನಿಷ್ಠ 4.5:1 ಇರಲಿ, ತೆಳು ಬೂದು ಅಕ್ಷರ ಬಿಸಿಲಿನಲ್ಲಿ ಕಾಣುವುದಿಲ್ಲ. ಆ್ಯಂಡ್ರಾಯ್ಡ್ 14ರಿಂದ ಅಕ್ಷರವನ್ನು 200%ವರೆಗೆ ಹಿಗ್ಗಿಸಬಹುದು, ಆ ಗಾತ್ರದಲ್ಲೂ ಬಸ್ ನಂಬರ್ ಮತ್ತು ನಿಮಿಷ ಒಂದರ ಮೇಲೊಂದು ಹತ್ತಬಾರದು.

ಎಲ್ಲ ಸರಿ ನಡೆದಾಗಿನ ಸ್ಕ್ರೀನ್ ಮಾತ್ರ ಬರೆದು ಬಿಡುವುದು ಇನ್ನೊಂದು ಚಾಳಿ. ನೆಟ್ ಇಲ್ಲ, ಬಸ್ ಇಲ್ಲ, ಲೊಕೇಶನ್ ಅನುಮತಿ ಕೊಟ್ಟಿಲ್ಲ, ಹಣ ಅರ್ಧದಲ್ಲಿ ನಿಂತಿದೆ. ಇವಕ್ಕೂ ಸ್ಕ್ರೀನ್ ಬೇಕು. ಹಣದ್ದನ್ನು ಬಿಡಿಸಿ ಹೇಳಬೇಕು. ಟಿಕೆಟ್ಟಿಗೆ ಯುಪಿಐ ಆ್ಯಪಿಗೆ ಹೋಗಿ ಪಿನ್ ಹಾಕುವಷ್ಟರಲ್ಲಿ, ಕಡಿಮೆ ರ್‍ಯಾಮ್ ಇರುವ ಫೋನು ಹಿಂದೆ ಉಳಿದ ಬಸ್ ಆ್ಯಪನ್ನು ಮುಚ್ಚಿಬಿಡುತ್ತದೆ. ವಾಪಸ್ ಬಂದವರಿಗೆ ಕಾಣುವುದು ಹೋಮ್ ಸ್ಕ್ರೀನ್, ಟಿಕೆಟ್ ಇಲ್ಲ. ಕಂಡಕ್ಟರ್ ಎದುರಿಗಿದ್ದಾರೆ. ಗಾಬರಿಯಲ್ಲಿ ಇನ್ನೊಂದು ಸಲ ಹಣ ಕಟ್ಟುತ್ತಾರೆ. ಆ್ಯಪ್ ತೆರೆದ ತಕ್ಷಣ ಬಾಕಿ ಉಳಿದ ಪಾವತಿಯ ಸ್ಥಿತಿಯನ್ನು ಸರ್ವರಿನಿಂದ ಕೇಳಿ, ‘ಹಣ ಬಂದಿದೆಯೇ ಎಂದು ನೋಡುತ್ತಿದ್ದೇವೆ, ಮತ್ತೆ ಕಟ್ಟಬೇಡಿ’ ಎಂದು ತೋರಿಸುವುದು ಪರಿಹಾರ. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನ ಡೆವಲಪರ್ ಆಪ್ಷನ್ಸ್‌ನಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ (ಬಿಟ್ಟುಹೋದ ಸ್ಕ್ರೀನನ್ನು ಉಳಿಸಿಕೊಳ್ಳಬೇಡ) ಆನ್ ಮಾಡಿದರೆ ಒಳ್ಳೆಯ ಫೋನಿನಲ್ಲೂ ಇದಕ್ಕೆ ಹತ್ತಿರದ ಸ್ಥಿತಿಯನ್ನು ತರಬಹುದು, ಸಭೆಯಲ್ಲೇ ಮಾಡಿ ತೋರಿಸಬಹುದು.

ಮಾದರಿ ಸಿದ್ಧವಾದ ಮೇಲೆ ಅವೇ ನಾಲ್ಕು ಕೆಲಸ, ಬೇರೆ ಐದು ಮಂದಿ. ಹಳಬರನ್ನೇ ಕರೆದರೆ ಅವರಿಗೆ ಕೆಲಸ ಆಗಲೇ ಗೊತ್ತಿರುತ್ತದೆ, ಬೇಗ ಮುಗಿಸುತ್ತಾರೆ, ಆ ಶ್ರೇಯಸ್ಸು ವಿನ್ಯಾಸಕ್ಕೆ ಸಲ್ಲುವುದಿಲ್ಲ.

ಪ್ರಸ್ತಾವ ಬರೆಯುವುದು

ಎಂಟು ಪುಟ ದಾಟಬೇಡಿ. ಮೊದಲ ಪುಟದಲ್ಲಿ ಇಂಥ ಎರಡು ಸಾಲು ಸಾಕು: ‘ಈಗಿನ ಆ್ಯಪಿನಲ್ಲಿ ಐವರಲ್ಲಿ ಇಬ್ಬರು ಮಾತ್ರ ಮುಂದಿನ ಬಸ್ಸಿನ ಹೊತ್ತು ಕಂಡುಕೊಂಡರು. ಮಾದರಿಯಲ್ಲಿ ಐವರಲ್ಲಿ ನಾಲ್ವರು.’ ಇದನ್ನು 40% ಇದ್ದದ್ದು 80% ಆಯಿತು ಎಂದು ಬರೆಯುವ ಆಸೆ ಬರುತ್ತದೆ. ಐದು ಜನರಿಗೆ ಶೇಕಡಾ ಹಚ್ಚಿದರೆ ಅಂಕಿಅಂಶ ಬಲ್ಲವರೊಬ್ಬರು ಸಾಕು, ಇಡೀ ಪ್ರಸ್ತಾವದ ಮೇಲೆ ನಂಬಿಕೆ ಹೋಗುತ್ತದೆ.

ಎರಡನೇ ಪುಟದಲ್ಲಿ ಯಾರ ಜೊತೆ, ಎಲ್ಲಿ, ಹೇಗೆ ಪರೀಕ್ಷಿಸಿದಿರಿ. ಆಮೇಲೆ ತೊಂದರೆಗೊಂದು ಪುಟದಂತೆ ಮೂರು: ಎಡಕ್ಕೆ ಈಗಿನ ಸ್ಕ್ರೀನ್, ಬಲಕ್ಕೆ ಹೊಸದು, ನಡುವೆ ಬಳಸಿದವರು ಆಡಿದ ಮಾತು ಅವರದೇ ಶಬ್ದಗಳಲ್ಲಿ. ಜೊತೆಗೆ ಇಪ್ಪತ್ತು ಮೂವತ್ತು ಸೆಕೆಂಡಿನ ವೀಡಿಯೊ ತುಣುಕು ಇದ್ದರೆ ಒಳ್ಳೆಯದು. ನಿಲ್ದಾಣದ ಹೆಸರನ್ನು ಮೂರು ಸಲ ಟೈಪ್ ಮಾಡಿ ಸೋತವರನ್ನು ನೋಡಿದ ಅಧಿಕಾರಿ ಬಣ್ಣದ ವಿಷಯ ಎತ್ತುವುದಿಲ್ಲ.

ಏನನ್ನು ಮುಟ್ಟುವುದಿಲ್ಲ ಎಂಬುದಕ್ಕೂ ಒಂದು ಪುಟ ಕೊಡಿ. ಪಾಸ್ ತೋರಿಸುವ ಸ್ಕ್ರೀನಿಗೆ ಕಂಡಕ್ಟರುಗಳ ಕಣ್ಣು ಹೊಂದಿಕೊಂಡಿದೆ. ಅದರ ಬಣ್ಣ ಬದಲಿಸಿದರೆ ಮರುದಿನ ಬಸ್ಸುಗಳಲ್ಲಿ ಜಗಳ. ಪ್ರಯಾಣಿಕರಷ್ಟೇ ಅಲ್ಲ, ಫೋನನ್ನು ಆ ಕಡೆಯಿಂದ ನೋಡುವವರೂ ಬಳಕೆದಾರರೇ.

ಖರ್ಚಿನ ಪುಟವನ್ನು ವಿನ್ಯಾಸಕಾರರು ಒಬ್ಬರೇ ಕೂತು ಬರೆಯಬಾರದು. ಸಭೆಗೆ ಒಂದು ವಾರ ಮೊದಲೇ ಡೆವಲಪರ್ ಮತ್ತು ಸರ್ವರ್ ನೋಡಿಕೊಳ್ಳುವವರ ಬಳಿ ಹೋಗಿ, ಪ್ರತಿ ಬದಲಾವಣೆಗೆ ಎಷ್ಟು ದಿನ ಎಂದು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ. ಅಡ್ಡಹೆಸರಿನ ಪಟ್ಟಿಗೆ ಆ್ಯಪಿನ ಹೊಸ ಆವೃತ್ತಿಯೇ ಬೇಡ, ಹುಡುಕಾಟ ಸರ್ವರಿನಲ್ಲಿ ನಡೆಯುತ್ತಿದ್ದರೆ ಅಲ್ಲೇ ಸೇರಿಸಬಹುದು ಎಂಬಂಥ ಸುಲಭದ ದಾರಿ ತೋರಿಸುವವರೂ ಅವರೇ. ಅಂಥದ್ದನ್ನು ಮೊದಲ ಹಂತಕ್ಕೆ ಹಾಕಿ.

ಕೊನೆಯ ಪುಟ ಬಿಡುಗಡೆಯದು. ಪ್ಲೇ ಕನ್ಸೋಲಿನಲ್ಲಿ ಹಂತ ಹಂತವಾಗಿ ಬಿಡಬಹುದು: ಬಳಕೆದಾರರಲ್ಲಿ 5%, 20%, 50%, 100% ಜನರಿಗೆ, ನಡುವೆ ತಲಾ ಮೂರು ನಾಲ್ಕು ದಿನ, ವಾರದ ನಡುವಿನ ದಿನಗಳು ಸೇರುವಂತೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಬರೆದಿಡಿ: ಹುಡುಕಾಟದಿಂದ ಬಸ್ಸಿನ ಹೊತ್ತು ಕಾಣುವವರೆಗೆ ತಲುಪುವವರ ಪಾಲು ಹಳೆಯದಕ್ಕಿಂತ ಕೆಳಗಿಳಿದರೆ, ಅಥವಾ ಎರಡು ಸಲ ಹಣ ಕಟ್ಟಿದ ದೂರು ಹೆಚ್ಚಿದರೆ, ಮುಂದಿನ ಹಂತ ಇಲ್ಲ. ನಿಲ್ಲಿಸಿದರೂ ಹೊಸ ಆವೃತ್ತಿ ಹಾಕಿಕೊಂಡವರ ಫೋನು ತಾನಾಗಿ ಹಳೆಯದಕ್ಕೆ ಮರಳುವುದಿಲ್ಲ. ಆದ್ದರಿಂದ ಹಳೆಯ ಸ್ಕ್ರೀನುಗಳನ್ನೂ ಒಳಗೇ ಇಟ್ಟು, ಸರ್ವರಿನಿಂದ ಬದಲಿಸುವ ಒಂದು ಸ್ವಿಚ್ ಬೇಕು ಎಂದು ಡೆವಲಪರ್ ಅಂದಾಜಿನಲ್ಲಿ ಸೇರಿಸಿ. ಆ ಸ್ವಿಚ್ ಯಾರ ಕೈಯಲ್ಲಿ, ಭಾನುವಾರ ತೊಂದರೆಯಾದರೆ ಫೋನ್ ಎತ್ತುವವರು ಯಾರು ಎಂಬುದನ್ನು ಹುದ್ದೆಯ ಸಮೇತ ನಮೂದಿಸಿ.