ಟೆಸ್ಟೋಸ್ಟೆರಾನ್ ಚಿಕಿತ್ಸೆ ಆರಂಭಿಸುವ ಮುನ್ನ

ಸದಾ ಆಯಾಸ, ಲೈಂಗಿಕ ಆಸಕ್ತಿ ಕುಗ್ಗಿದೆ ಎಂಬ ಕಾರಣಕ್ಕಷ್ಟೇ ಪುರುಷ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್‌ನ ಇಂಜೆಕ್ಷನ್ ಆರಂಭಿಸಬಾರದು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ (ಬೆಲ್ಲದ ಕಾಫಿಯೂ ಆಮೇಲೆಯೇ), ಎರಡು ಬೇರೆ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಎರಡರಲ್ಲೂ ಟೆಸ್ಟೋಸ್ಟೆರಾನ್ ಮಟ್ಟವು ಡೆಸಿಲೀಟರ್‌ಗೆ ಸುಮಾರು 300 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ, ದೋಷ ವೃಷಣದಲ್ಲಿದೆಯೋ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿದೆಯೋ ಎಂದು ತಿಳಿಯಲು ಆ ಗ್ರಂಥಿಯ ಹಾರ್ಮೋನ್‌ಗಳಾದ ಎಲ್‌ಎಚ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳು ಬೇಕಾಗುತ್ತವೆ. ಹಾರ್ಮೋನ್ ತಜ್ಞರನ್ನು ಕಾಣಲು ಮೈಸೂರಿಗೆ ಹೋಗಬೇಕಾಗಿ ಬಂದರೂ ಆ ಪ್ರಯಾಣವನ್ನು ತಪ್ಪಿಸಬಾರದು.

ಮಗು ಬೇಕೆಂದಿರುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಹೊರಗಿನಿಂದ ಕೊಡುವ ಹಾರ್ಮೋನ್ ವೀರ್ಯಾಣುಗಳ ಉತ್ಪಾದನೆಯನ್ನು ತಗ್ಗಿಸುತ್ತದೆ. ಜಿಮ್‌ಗೆಂದು ಇದನ್ನು ಬಯಸುವ ಯುವಕರು ಮರೆಯುವುದು ಇದನ್ನೇ. ಇಂಜೆಕ್ಷನ್ ಬದಲು ಹಾರ್ಮೋನ್ ಜೆಲ್ ಬಳಸುವವರು, ಅದನ್ನು ಹಚ್ಚಿದ ಭುಜ ಹೆಂಡತಿ ಮಕ್ಕಳಿಗೆ ತಾಗದಂತೆ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. 3ರಿಂದ 6 ತಿಂಗಳೊಳಗೆ ಹಾರ್ಮೋನ್ ಮಟ್ಟ ಮತ್ತು ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಪುನಃ ನೋಡಿಸಬೇಕು. ಹಿಮಟೋಕ್ರಿಟ್ ಶೇಕಡಾ 54 ದಾಟಿದರೆ ಮುಂದಿನ ಡೋಸ್ ತೆಗೆದುಕೊಳ್ಳದೆ ವೈದ್ಯರನ್ನು ಕಾಣಬೇಕು.