ಥೀಮ್ ಪಾರ್ಕ್‌ಗೆ ಜನ ಕಡಿಮೆಯಾದರೆ ಕಾರಣ ಹುಡುಕುವುದು ಹೇಗೆ? ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಲೆಕ್ಕದೊಂದಿಗೆ

ಯಾವುದೇ ದೊಡ್ಡ ಥೀಮ್ ಪಾರ್ಕ್‌ಗೆ ಜನ ಕಡಿಮೆಯಾದರು ಎಂದರೆ ಸಾಕು, ಕಾರಣಗಳು ಸಾಲುಗಟ್ಟಿ ಬರುತ್ತವೆ. ಟಿಕೆಟ್ ದುಬಾರಿ, ರೈಡ್‌ಗಳು ಹಳೆಯವು, ಪಕ್ಕದಲ್ಲಿ ಹೊಸದು ಬಂತು, ಮಳೆ ಜಾಸ್ತಿ, ಜನರ ಕೈಯಲ್ಲಿ ಕಾಸಿಲ್ಲ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದರ ಪಾಲು ಎಷ್ಟು ಎಂದು ತಿಳಿಯದೆ ದರ ಇಳಿಸುವುದು, ಹೊಸ ರೈಡ್ ಕಟ್ಟುವುದು ಕತ್ತಲಲ್ಲಿ ಕಲ್ಲೆಸೆದ ಹಾಗೆ. ಪಾಲು ಹಂಚಿ ನೋಡುವ ಒಂದು ಕ್ರಮವಿದೆ. ಕೂಡಿಸಿ ಕಳೆಯಲು ಬಂದರೆ ಸಾಕು. ಅದನ್ನು ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನ 2014ರಿಂದ 2016ರವರೆಗಿನ ಇಳಿಕೆಯ ಮೇಲೆ ಮಾಡಿ ತೋರಿಸುತ್ತೇವೆ.

ಈ ಪಾರ್ಕನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಮೆರಿಕದ ತನ್ನ ಪಾರ್ಕ್‌ಗಳಿಗೆ ಎಷ್ಟು ಜನ ಬಂದರೆಂದು ಡಿಸ್ನಿ ಹೇಳುವುದಿಲ್ಲ. ನಾವು ಓದುವ ಅಂಕಿಗಳು ಹೊರಗಿನವರ ಅಂದಾಜು. ಹಾಂಗ್‌ಕಾಂಗ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸರ್ಕಾರದ್ದು, ಹಾಗಾಗಿ ಬಂದವರ ಸಂಖ್ಯೆ, ಅವರು ಯಾವ ಕಡೆಯವರು ಎಂಬ ವಿವರ ಪ್ರತಿವರ್ಷ ಹೊರಬೀಳುತ್ತದೆ.

ಮೊದಲು ಅಂಕಿಯ ಅರ್ಥ ತಿಳಿಯಿರಿ

ಪಾರ್ಕ್‌ನ ಲೆಕ್ಕದಲ್ಲಿ ಇರುವುದು ಭೇಟಿಗಳು, ಮನುಷ್ಯರಲ್ಲ. ವರ್ಷದ ಪಾಸ್ ಇರುವವರು ಎಂಟು ಸಲ ಬಂದರೆ ಎಂಟು ಎಂದೇ ಸೇರುತ್ತದೆ. ಪಾಸ್‌ನ ನಿಯಮ ಬಿಗಿಯಾದರೆ ಒಬ್ಬ ಗ್ರಾಹಕರನ್ನೂ ಕಳೆದುಕೊಳ್ಳದೆ ಸಂಖ್ಯೆ ಬೀಳಬಹುದು.

ಎರಡನೆಯದು, ಲೆಕ್ಕದ ವರ್ಷ. ಈ ಪಾರ್ಕ್‌ನ ವರ್ಷ ಮುಗಿಯುವುದು ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್ ಮೊದಲಿಗೆ. 2018ರಲ್ಲಿ 67 ಲಕ್ಷ, 2019ರಲ್ಲಿ 65 ಲಕ್ಷ ಎಂದು ಓದಿದರೆ ಸಣ್ಣ ಇಳಿಕೆ ಅನ್ನಿಸುತ್ತದೆ. ನಗರದಲ್ಲಿ ದೊಡ್ಡ ಪ್ರತಿಭಟನೆಗಳು ಶುರುವಾದದ್ದು 2019ರ ಜೂನ್‌ನಲ್ಲಿ. ಮೊದಲ ತಿಂಗಳುಗಳ ಒಳ್ಳೆಯ ವ್ಯಾಪಾರ ಕೊನೆಯ ತಿಂಗಳುಗಳ ಕುಸಿತವನ್ನು ಮುಚ್ಚಿಬಿಟ್ಟಿತು. ತಿಂಗಳ ಅಂಕಿ ಸಿಗದಿದ್ದರೆ ಮೂರು ತಿಂಗಳದ್ದಾದರೂ ಹುಡುಕಿ.

ಮೂರನೆಯದು, ತೆರೆದಿದ್ದ ದಿನಗಳು. 2020ರ 17 ಲಕ್ಷವನ್ನು ಹಿಂದಿನ ವರ್ಷದ 65 ಲಕ್ಷದ ಪಕ್ಕ ಇಡುವುದು ತಪ್ಪು. ಕೋವಿಡ್‌ನಿಂದ ಆ ವರ್ಷ ಪಾರ್ಕ್ ತೆರೆದಿದ್ದದ್ದು ಸುಮಾರು 155 ದಿನ. ಭಾಗಿಸಿದರೆ ದಿನಕ್ಕೆ ಸುಮಾರು 11,000, ಹಿಂದಿನ ವರ್ಷ ಸುಮಾರು 17,800.

ಬಂದವರನ್ನು ಊರುವಾರು ಬಿಡಿಸಿ

ಇಡೀ ಕೆಲಸದ ತಿರುಳು ಇದು, ಆತುರ ಬೇಡ. ಒಟ್ಟು ಸಂಖ್ಯೆ 2014ರಲ್ಲಿ 75 ಲಕ್ಷ, 2015ರಲ್ಲಿ 68 ಲಕ್ಷ, 2016ರಲ್ಲಿ 61 ಲಕ್ಷ. ಚೀನಾ ಮುಖ್ಯಭೂಮಿಯವರ (ಹಾಂಗ್‌ಕಾಂಗ್, ಮಕಾವ್ ಬಿಟ್ಟು ಉಳಿದ ಚೀನಾದವರ) ಪಾಲು ಕ್ರಮವಾಗಿ ಶೇ. 48, 41, 36. ಸ್ಥಳೀಯರದ್ದು ಶೇ. 32, 39, 39. ಉಳಿದ ದೇಶದವರದ್ದು ಶೇ. 20, 20, 25.

ಶೇಕಡಾವಾರನ್ನು ಹಾಗೇ ಓದಬೇಡಿ, ಭೇಟಿಗಳ ಲೆಕ್ಕಕ್ಕೆ ತನ್ನಿ. ಮುಖ್ಯಭೂಮಿಯವರು 36 ಲಕ್ಷದಿಂದ 27.9ಕ್ಕೆ, ಅಲ್ಲಿಂದ 22 ಲಕ್ಷಕ್ಕೆ ಇಳಿದರು. ಸ್ಥಳೀಯರು 24 ಲಕ್ಷದಿಂದ 26.5ಕ್ಕೆ ಏರಿ 23.8ಕ್ಕೆ ಮರಳಿದರು. ಉಳಿದವರು 15 ಲಕ್ಷದಿಂದ 13.6ಕ್ಕೆ ಇಳಿದು 15.3ಕ್ಕೆ ಹತ್ತಿದರು. ಎರಡು ವರ್ಷದಲ್ಲಿ ಪಾರ್ಕ್ ಕಳೆದುಕೊಂಡದ್ದು 14 ಲಕ್ಷ ಭೇಟಿ. ಮುಖ್ಯಭೂಮಿಯ ಗುಂಪಿನಿಂದ ಹೋದದ್ದೂ 14 ಲಕ್ಷವೇ. ಅಂಕಿಗಳು ದುಂಡಾಗಿಸಿದವು, ಆದ್ದರಿಂದ ಒಂದು ಲಕ್ಷ ಅತ್ತಿತ್ತ ಆಗಬಹುದು. ಆದರೂ ನೀರು ಸೋರುತ್ತಿದ್ದದ್ದು ಯಾವ ಬಿರುಕಿನಿಂದ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಇಲ್ಲಿ ಹಲವರು ಎಡವುತ್ತಾರೆ. 2014 ಮತ್ತು 2016 ಮಾತ್ರ ಹೋಲಿಸಿದರೆ ಸ್ಥಳೀಯರು ಅಲುಗಾಡಲೇ ಇಲ್ಲ ಅನ್ನಿಸುತ್ತದೆ. ನಡುವಿನ ವರ್ಷ ಸೇರಿಸಿದರೆ ಎರಡು ಬೇರೆ ಸಂಗತಿಗಳು ಕಾಣುತ್ತವೆ. 2015ರಲ್ಲಿ ಹೊರಗಿನವರು ಬಿದ್ದರು, ಸ್ಥಳೀಯರು ಎರಡೂವರೆ ಲಕ್ಷ ಏರಿ ಸ್ವಲ್ಪ ತುಂಬಿಕೊಟ್ಟರು. 2016ರಲ್ಲಿ ಆ ಆಸರೆಯೂ ತಪ್ಪಿತು. ಎರಡು ವರ್ಷಕ್ಕೂ ಒಂದೇ ಕಾರಣ ಅಂಟಿಸಲು ಹೋಗಬೇಡಿ.

ಕೆರೆ ಬತ್ತಿತೋ, ಬಲೆ ಹರಿಯಿತೋ

ಒಂದು ಗುಂಪು ಕಡಿಮೆಯಾಗಲು ಎರಡು ದಾರಿ. ಆ ಊರಿಗೇ ಜನ ಬರುವುದು ಕಡಿಮೆಯಾಗಬಹುದು, ಇಲ್ಲವೇ ಊರಿಗೆ ಬಂದವರು ಪಾರ್ಕ್‌ಗೆ ಬಾರದೆ ಹೋಗಬಹುದು. ಹಾಂಗ್‌ಕಾಂಗ್‌ಗೆ ಮುಖ್ಯಭೂಮಿಯಿಂದ 2014ರಲ್ಲಿ 4.72 ಕೋಟಿ ಭೇಟಿ, 2016ರಲ್ಲಿ 4.28 ಕೋಟಿ, ಅಂದರೆ ಇಳಿಕೆ ಶೇ. 9ರಷ್ಟು. ಪಾರ್ಕ್‌ನಲ್ಲಿ ಅದೇ ಗುಂಪಿನ ಇಳಿಕೆ ಶೇ. 39. ಊರಿಗೆ ಬಂದ ಪ್ರತಿ ನೂರರಲ್ಲಿ ಪಾರ್ಕ್‌ಗೆ ಹೋದವರು 7.6ರಿಂದ 5.1ಕ್ಕೆ ಇಳಿದರು. ಕೆರೆ ಸ್ವಲ್ಪ ತಗ್ಗಿತು, ಬಲೆ ಅದಕ್ಕಿಂತ ಹೆಚ್ಚು ಹರಿಯಿತು.

ಎರಡು ಎಚ್ಚರಿಕೆ. ಊರಿನ ಅಂಕಿ ಜನವರಿಯಿಂದ ಡಿಸೆಂಬರ್‌ನದು, ಪಾರ್ಕ್‌ನದು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ನದು, ಆದ್ದರಿಂದ ಹೋಲಿಕೆ ಸುಮಾರಿನದು. ಹಾಗೇ ಆ ಭೇಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಿಗ್ಗೆ ಬಂದು ಸಂಜೆ ಮರಳುವವರದ್ದು, ಅವರಲ್ಲಿ ಸಾಮಾನು ಕೊಳ್ಳಲಷ್ಟೇ ಬಂದವರೂ ಇದ್ದಾರೆ. ರಾತ್ರಿ ತಂಗಿದವರ ಅಂಕಿ ಬೇರೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಪ್ರತಿ ಅನುಮಾನವನ್ನೂ ದಿನಾಂಕದ ಎದುರು ನಿಲ್ಲಿಸಿ

ಶಾಂಘೈ ಡಿಸ್ನಿಲ್ಯಾಂಡ್ ತಿಂದುಹಾಕಿತು ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ಅದು ತೆರೆದದ್ದು 2016ರ ಜೂನ್ 16ರಂದು. ಮುಖ್ಯಭೂಮಿಯ 14 ಲಕ್ಷದ ಇಳಿಕೆಯಲ್ಲಿ 8 ಲಕ್ಷ 2015ರಲ್ಲೇ ಆಗಿಹೋಗಿತ್ತು, 2016ರ ಲೆಕ್ಕದಲ್ಲಿ ಶಾಂಘೈಗೆ ಸಿಕ್ಕಿದ್ದು ಮೂರೂವರೆ ತಿಂಗಳು. ಹೊಸದು ಬರಲಿ ಎಂದು ಕಾದವರೂ ಇದ್ದಾರು. ಅದನ್ನು ಪರೀಕ್ಷಿಸಲು ಪ್ರಾಂತ್ಯವಾರು ಅಂಕಿ ಬೇಕು. ಕಾದವರು ಶಾಂಘೈ ಸುತ್ತಲಿನ ಜಿಯಾಂಗ್ಸು, ಝೆಜಿಯಾಂಗ್‌ನವರಾಗಿರಬೇಕು, ಹಾಂಗ್‌ಕಾಂಗ್ ಪಕ್ಕದ ಗುವಾಂಗ್‌ಡಾಂಗ್‌ನವರಲ್ಲ. ಇನ್ನೂ ಬಲವಾದ ಸಾಕ್ಷ್ಯವಿದೆ: ಶಾಂಘೈ ಪೂರ್ತಿ ತೆರೆದಿದ್ದ ಮುಂದಿನ ಎರಡು ವರ್ಷ ಹಾಂಗ್‌ಕಾಂಗ್ 62 ಲಕ್ಷಕ್ಕೆ, ನಂತರ 67 ಲಕ್ಷಕ್ಕೆ ಏರಿತು.

ಇನ್ನೊಂದು ಅನುಮಾನ ಪ್ರವೇಶದ ನಿಯಮ. 2015ರ ಏಪ್ರಿಲ್ 13ರಿಂದ ಹಾಂಗ್‌ಕಾಂಗ್ ಗಡಿಗೆ ಅಂಟಿದ ಶೆನ್‌ಜೆನ್ ನಗರದ ನಿವಾಸಿಗಳಿಗೆ ಎಷ್ಟು ಸಲವಾದರೂ ಹೋಗಿಬರುವ ಪರವಾನಗಿ ನಿಂತು, ವಾರಕ್ಕೊಂದೇ ಸಲ ಎಂದಾಯಿತು. ದಿನಾಂಕ ಹೊಂದುತ್ತದೆ. ಆದರೆ ದಿನಾಂಕದ ಜೊತೆ ಕೆಲಸ ಮಾಡುವ ಬಗೆಯೂ ಹೊಂದಬೇಕು. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆತರುವ ಕುಟುಂಬವನ್ನು ವಾರಕ್ಕೊಂದು ಸಲ ಎಂಬ ಮಿತಿ ತಡೆಯುವುದಿಲ್ಲ. ಅದು ತಡೆದದ್ದು ದಿನವೂ ಸಾಮಾನು ಸಾಗಿಸುತ್ತಿದ್ದವರನ್ನು. ಪಾರ್ಕ್‌ಗೆ ಹೆಚ್ಚು ನೋವು ಕೊಟ್ಟದ್ದು ವಾತಾವರಣ ಎಂಬುದು ನಮ್ಮ ಅಭಿಪ್ರಾಯ: 2014ರ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ರಸ್ತೆ ಧರಣಿ, 2015ರ ಮೊದಲಲ್ಲಿ ಮುಖ್ಯಭೂಮಿಯ ಖರೀದಿದಾರರ ವಿರುದ್ಧವೇ ನಡೆದ ಪ್ರತಿಭಟನೆಗಳು. ಎರಡೂ 2015ರ ಲೆಕ್ಕದೊಳಗೇ ಬರುತ್ತವೆ.

ಹಣದ ಬೆಲೆ ಮರೆಯಬೇಡಿ. ಹಾಂಗ್‌ಕಾಂಗ್ ಡಾಲರ್ ಅಮೆರಿಕದ ಡಾಲರ್‌ಗೆ ಕಟ್ಟಿಕೊಂಡದ್ದು, 7.75ರಿಂದ 7.85ರ ನಡುವೆಯೇ ಓಡಾಡುತ್ತದೆ. ಅಮೆರಿಕದ ಡಾಲರ್ ಬಲಗೊಂಡಾಗ ಹಾಂಗ್‌ಕಾಂಗ್ ಹೊರಗಿನವರಿಗೆ ತಾನಾಗಿ ದುಬಾರಿಯಾಗುತ್ತದೆ. ಆ ವರ್ಷಗಳಲ್ಲಿ ಆದದ್ದೂ ಅದೇ, ಅದೇ ಹೊತ್ತಿಗೆ ಜಪಾನಿನ ಯೆನ್ ಅಗ್ಗವಾಗಿತ್ತು. ಮುಖ್ಯಭೂಮಿಯಿಂದ ಜಪಾನಿಗೆ ಹೋದವರು 2014ರಲ್ಲಿ 24 ಲಕ್ಷ, 2015ರಲ್ಲಿ ಸುಮಾರು 50 ಲಕ್ಷ. ಎದುರಾಳಿಯನ್ನು ಪಾರ್ಕ್‌ಗಳ ಪಟ್ಟಿಯಲ್ಲಷ್ಟೇ ಹುಡುಕುವವರು ಇದನ್ನು ಕಾಣುವುದೇ ಇಲ್ಲ.

ಟಿಕೆಟ್ ದರಕ್ಕೆ ಬನ್ನಿ. ದೊಡ್ಡವರ ಒಂದು ದಿನದ ಟಿಕೆಟ್ 2014ರ ನವೆಂಬರ್‌ನಲ್ಲಿ 450ರಿಂದ 499 ಹಾಂಗ್‌ಕಾಂಗ್ ಡಾಲರ್ ಆಯಿತು, 2015ರ ಡಿಸೆಂಬರ್‌ನಲ್ಲಿ 539. ಮೊದಲ ಏರಿಕೆಯ ವರ್ಷ ಸ್ಥಳೀಯರು ಹೆಚ್ಚಾದರು, ಹಾಗಾಗಿ ಆ ವರ್ಷಕ್ಕೆ ದರವನ್ನು ದೂರುವುದು ಕಷ್ಟ. 2016ರಲ್ಲಿ ಸ್ಥಳೀಯರು 2.7 ಲಕ್ಷ ಇಳಿದದ್ದಕ್ಕೆ ದರವನ್ನೂ, 2013ರ ಮೇ ನಂತರ ದೊಡ್ಡ ಹೊಸ ವಿಭಾಗ ತೆರೆಯದೆ ಇದ್ದದ್ದನ್ನೂ ಹೊಣೆ ಮಾಡಬಹುದು. ಮುಂದಿನ ದೊಡ್ಡ ರೈಡ್ ಬಂದದ್ದು 2017ರ ಜನವರಿಯಲ್ಲಿ.

ಇಷ್ಟಾದ ಮೇಲೆ ಪಕ್ಕದ ಮನೆ ನೋಡಿ. ಅದೇ ವರ್ಷಗಳಲ್ಲಿ ನಗರದ ಓಷನ್ ಪಾರ್ಕ್‌ಗೂ ಜನ ಕಡಿಮೆಯಾದರು. ಇಬ್ಬರೂ ಒಟ್ಟಿಗೆ ಬಿದ್ದರೆ ದೊಡ್ಡ ಕಾರಣ ಬೇಲಿಯ ಹೊರಗಿದೆ.

ನಮ್ಮ ಕಡೆಯ ಪಾರ್ಕ್‌ಗೆ ಹಚ್ಚುವಾಗ

ಬಿಡದಿಯ ಪಾರ್ಕ್ ನಡೆಸುವ ವಂಡರ್‌ಲಾ ಷೇರುಪೇಟೆಯಲ್ಲಿರುವ ಕಂಪನಿ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಅಂಕಿ ಸಿಗುತ್ತದೆ. ಆದರೆ ಹಬ್ಬದ ಪಂಚಾಂಗ ಲೆಕ್ಕ ಕೆಡಿಸುತ್ತದೆ. ನವರಾತ್ರಿ 2024ರಲ್ಲಿ ಶುರುವಾದದ್ದು ಅಕ್ಟೋಬರ್ 3ಕ್ಕೆ, 2025ರಲ್ಲಿ ಸೆಪ್ಟೆಂಬರ್ 22ಕ್ಕೆ. ದಸರಾ ರಜೆಯ ಒಂದು ಭಾಗ ಹಿಂದಿನ ತ್ರೈಮಾಸಿಕಕ್ಕೆ ಜಾರಿತು. ಎರಡು ತ್ರೈಮಾಸಿಕ ಕೂಡಿಸಿಯೇ ಹೋಲಿಸಿ. ದರ ನೋಡುವಾಗ ತೆರಿಗೆ ಸೇರಿಸಿ ನೋಡಿ: 2017ರ ಜುಲೈಯಲ್ಲಿ ಥೀಮ್ ಪಾರ್ಕ್‌ಗಳ ಜಿಎಸ್‌ಟಿ ಶೇ. 28, 2018ರ ಜನವರಿ ಕೊನೆಗೆ ಶೇ. 18. ಕಂಪನಿಯ ದರ 1,000 ರೂಪಾಯಿಯೇ ಇದ್ದರೂ ಕೊಡುವವರಿಗೆ 1,280 ಹೋಗಿ 1,180 ಆಗುತ್ತದೆ.

ಕ್ಯೂ ಉದ್ದ ನೋಡಿ ಜನಸಂಖ್ಯೆ ಅಳೆಯಬೇಡಿ. 24 ಸೀಟಿನ ರೋಲರ್ ಕೋಸ್ಟರ್ ನಿಮಿಷಕ್ಕೊಂದು ಸಲ ಹೊರಟರೆ ಗಂಟೆಗೆ 1,440 ಜನ ಹತ್ತುತ್ತಾರೆ. ಜನ ಕಡಿಮೆ ಎಂದು ಒಂದು ಟ್ರೈನ್ ತೆಗೆದು, ಹೊರಡುವ ಅಂತರ 90 ಸೆಕೆಂಡಿಗೆ ಹೋದರೆ 960. ಅರೆಖಾಲಿ ಪಾರ್ಕ್‌ನಲ್ಲೂ ಮುಕ್ಕಾಲು ಗಂಟೆ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರು ಮುಂದಿನ ವರ್ಷ ಬರುವುದು ಅನುಮಾನ, ಅಂದರೆ ಇಳಿಕೆಯ ಪರಿಣಾಮವೇ ಮುಂದಿನ ಇಳಿಕೆಗೆ ಕಾರಣವಾಗುತ್ತದೆ.

ಜನರನ್ನು ಕೇಳುವುದನ್ನು ಕೊನೆಗಿಡಿ. ಗೇಟಿನಲ್ಲಿ ನಿಂತು ಕೇಳಿದರೆ ಸಿಗುವವರು ಬಂದವರು. ನಿಮಗೆ ಬೇಕಾದವರು ಬಾರದವರು. ಹಾಂಗ್‌ಕಾಂಗ್‌ನಲ್ಲಾದರೆ ಶೆನ್‌ಜೆನ್ ಗಡಿಯ ಲೋ ವು ರೈಲು ನಿಲ್ದಾಣದಲ್ಲಿ ನಿಲ್ಲಬೇಕು, ಬಿಡದಿಗಾದರೆ ಬೆಂಗಳೂರಿನ ಶಾಲೆಗಳ ಪೋಷಕರ ಸಭೆಗೆ ಹೋಗಬೇಕು. ಯಾಕೆ ಹೋಗಲಿಲ್ಲ ಎಂದು ಕೇಳಬೇಡಿ, ದುಬಾರಿ ಎಂಬ ಸಿದ್ಧ ಉತ್ತರ ಬರುತ್ತದೆ. ಕಳೆದ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ, ಒಟ್ಟು ಎಷ್ಟು ಖರ್ಚಾಯಿತು ಎಂದು ಕೇಳಿ.